ಮರ್ಲಿನ್ ಮನ್ರೋ ಮಗು ನೋಡಿಕೊಂಡ ರಾತ್ರಿ, ಜೊತೆಗೆ ಇನ್ನೆರಡು ಸಿನಿಮಾ

ಮಗು ನೋಡಿಕೊಳ್ಳಲು ಬಂದವಳಿಂದಲೇ ಮನೆಗೆ ಗಂಡಾಂತರ. ಇಂಥ ಕಥೆಯ ಇಂಗ್ಲಿಷ್ ಸಿನಿಮಾಗಳು ಬೇಕಾದಷ್ಟಿವೆ. ಅದರಲ್ಲಿ ಹೆಸರಾದ ಮೂರನ್ನು ಒಂದರ ಹಿಂದೆ ಒಂದು ನೋಡಿದೆ: 1952ರ 'ಡೋಂಟ್ ಬಾದರ್ ಟು ನಾಕ್', 1965ರ 'ದಿ ನ್ಯಾನಿ', 1992ರ 'ದಿ ಹ್ಯಾಂಡ್ ದಟ್ ರಾಕ್ಸ್ ದಿ ಕ್ರೇಡಲ್'. ಒಂದೇ ಒಂದು ನೋಡ್ತೀನಿ ಅನ್ನುವವರಿಗೆ ನಾನು ಹೇಳುವುದು ಹಳೆಯದನ್ನೇ. ಮೂರರಲ್ಲಿ ಕಡಿಮೆ ಹೆದರಿಸುವುದೂ ಅದೇ.

ನ್ಯೂಯಾರ್ಕ್‌ನ ಒಂದು ಹೋಟೆಲ್, ಒಂದೇ ಸಂಜೆ. ಗಂಡ ಹೆಂಡತಿ ಕೆಳಗೆ ಪಾರ್ಟಿಗೆ ಹೋಗಬೇಕು, ಮಗಳು ಬನ್ನಿಯನ್ನು ನೋಡಿಕೊಳ್ಳಲು ಯಾರಾದರೂ ಬೇಕು. ಲಿಫ್ಟ್ ನಡೆಸುವ ಎಡ್ಡಿ ತನ್ನ ಅಣ್ಣನದೋ ತಮ್ಮನದೋ ಮಗಳು ನೆಲ್‌ಳನ್ನು ಕರೆತರುತ್ತಾನೆ. ನೆಲ್ ಆಗಿ ನಟಿಸಿದ್ದು ಮರ್ಲಿನ್ ಮನ್ರೋ, ದೊಡ್ಡ ಸ್ಟಾರ್ ಆಗುವ ಮುಂಚೆ. ಸಾದಾ ಉಡುಪು, ಮೆಲುದನಿ. ಮಗುವಿಗೆ ಕಥೆ ಹೇಳುತ್ತಾಳೆ, ಆದರೆ ಮನಸ್ಸು ಅಲ್ಲಿಲ್ಲ. ಮಗು ಮಲಗಿದ್ದೇ ತಡ, ಮಗುವಿನ ತಾಯಿಯ ನೈಟ್‌ಗೌನ್ ಹಾಕಿಕೊಂಡು, ಕಿವಿಗೆ ಅವಳದೇ ಓಲೆ ಸಿಕ್ಕಿಸಿಕೊಂಡು, ಸೆಂಟ್ ಬಳಿದುಕೊಂಡು ಕನ್ನಡಿ ಮುಂದೆ ನಿಲ್ಲುತ್ತಾಳೆ. ಕಳ್ಳತನ ಅನ್ನಿಸುವುದಿಲ್ಲ, ಪಾಪ ಅನ್ನಿಸುತ್ತದೆ. ಪ್ರೀತಿಸಿದ ಪೈಲಟ್ ವಿಮಾನದಲ್ಲೇ ಸತ್ತಿದ್ದಾನೆ. ಕೈ ಮಣಿಕಟ್ಟಿನಲ್ಲಿ ಗಾಯದ ಗುರುತಿದೆ. ಹೋಟೆಲ್‌ನ ಎದುರು ರೂಮಿನಲ್ಲಿರುವ ಜೆಡ್ ಎಂಬಾತನನ್ನು ಅವಳು ಆ ಪೈಲಟ್ ಅಂತಲೇ ನಂಬತೊಡಗಿದ ಮೇಲೆ ಕಥೆ ಜಾರಲು ಶುರು.

ಕಿಟಕಿಯ ದೃಶ್ಯವೊಂದಿದೆ. ಪುಟ್ಟ ಹುಡುಗಿ ಬನ್ನಿ ಹೊರಗೆ ಬಗ್ಗಿ ನೋಡುತ್ತಿದ್ದಾಳೆ, ನೆಲ್‌ಳ ಕೈ ಮೆಲ್ಲಗೆ ಅವಳ ಬೆನ್ನ ಮೇಲೆ ಬರುತ್ತದೆ. ಅಷ್ಟೇ. ಹಿಡಿದುಕೊಳ್ಳಲೋ, ತಳ್ಳಲೋ? ನೆಲ್‌ಗೇ ಗೊತ್ತಿದ್ದಂತಿಲ್ಲ. ನಾನು ಸೋಫಾದಲ್ಲಿ ಸರಿದು ಕೂತೆ.

ಜೆಡ್ ಮತ್ತು ಹೋಟೆಲ್ ಗಾಯಕಿಯ ಪ್ರೇಮಜಗಳ ಮಾತ್ರ ಸುಮ್ನೆ ಎಳೆದಂತಿದೆ. ಗಾಯಕಿಯಾಗಿ ನಟಿಸಿದ್ದು ಮುಂದೆ ದೊಡ್ಡ ಹೆಸರು ಮಾಡಿದ ಆನ್ ಬ್ಯಾಂಕ್ರಾಫ್ಟ್, ಅವರ ಮೊದಲ ಸಿನಿಮಾ ಇದು. ಹಾಗಾಗಿ ಸಹಿಸಿಕೊಂಡೆ.

'ದಿ ನ್ಯಾನಿ' ಬ್ರಿಟನ್ನಿನ ಹ್ಯಾಮರ್ ಸಿನಿಮಾ ಕಂಪನಿಯದು. ಹೆದರಿಕೆಯ ಲೆಕ್ಕದಲ್ಲಿ ಇದೇ ಮುಂದೆ. ತಂಗಿ ಸ್ನಾನದ ತೊಟ್ಟಿಯಲ್ಲಿ ಸತ್ತಿದ್ದಾಳೆ, ತಪ್ಪೆಲ್ಲ ಹತ್ತು ವರ್ಷದ ಜೋಯಿ ತಲೆಗೆ. ಎರಡು ವರ್ಷ ಹೊರಗಿದ್ದು ವಾಪಸ್ ಬಂದ ಹುಡುಗ, ನ್ಯಾನಿ, ಅಂದರೆ ಮನೆಯ ಆಯಾ, ಮಾಡಿದ ಅಡುಗೆ ಮುಟ್ಟುವುದಿಲ್ಲ, ಸ್ನಾನಕ್ಕೆ ಅವಳನ್ನು ಹತ್ತಿರ ಸೇರಿಸುವುದಿಲ್ಲ. ನ್ಯಾನಿಯಾಗಿ ನಟಿಸಿದ ಬೆಟ್ಟಿ ಡೇವಿಸ್ ಒಮ್ಮೆಯೂ ದನಿ ಏರಿಸದೆ ತಟ್ಟೆ ಎತ್ತಿಕೊಂಡು ಹೋಗುತ್ತಾರೆ. ಹುಡುಗ ಎಷ್ಟು ತಲೆಹರಟೆ ಎಂದರೆ ಬಹಳ ಹೊತ್ತು ನಾನು ನ್ಯಾನಿ ಪರವೇ ಇದ್ದೆ. ಮುಂದಿನದು ಹೇಳಲ್ಲ, ನೋಡಿ.

1992ರದ್ದು ಬೇರೆ ಜಾತಿ. ಸಿಯಾಟಲ್‌ನ ಮನೆಗೆ ನ್ಯಾನಿಯಾಗಿ ಪೇಟನ್ ಎಂಬವಳು ಸೇಡು ತೀರಿಸಿಕೊಳ್ಳಲೆಂದೇ ಬರುತ್ತಾಳೆ, ಮತ್ತು ಅದು ನಮಗೆ ಮೊದಲೇ ಗೊತ್ತು. ಮನೆಯೊಡತಿಯ ಅಸ್ತಮಾ ಇನ್ಹೇಲರ್‌ಗಳನ್ನು ಖಾಲಿ ಮಾಡಿಡುವುದು ಒಳ್ಳೆ ಐಡಿಯಾ, ಪೇಟನ್ ಆಗಿ ನಟಿಸಿದ ರೆಬೆಕಾ ಡಿ ಮಾರ್ನೆ ನಗುವೂ ಚೆನ್ನಾಗಿದೆ. ಗೆಳೆಯರ ಜೊತೆ ಕೂಗಾಡುತ್ತಾ ನೋಡಲು ಮಜಾ. ಆದರೆ ಕೊನೆಗೆ ಅವಳನ್ನು ದ್ವೇಷಿಸಿ ಎದ್ದುಹೋಗುವುದು ಜಾಸ್ತಿ ಸುಲಭ ಅಲ್ವಾ?

ನೆಲ್ ವಿಷಯದಲ್ಲಿ ಹಾಗಾಗಲ್ಲ. ನನ್ನ ಸಿಟ್ಟೆಲ್ಲ ಎಡ್ಡಿ ಮೇಲೆ. ಅವಳು ಮಾನಸಿಕ ಆಸ್ಪತ್ರೆಯಿಂದ ಬಂದವಳು ಅಂತ ಗೊತ್ತಿದ್ದೂ ಕೆಲಸಕ್ಕೆ ಹಚ್ಚಿದವನು, ನಡುನಡುವೆ ಬಾಗಿಲಿಗೆ ಬಂದು ಇಣುಕಿ ಬೈದು ಹೋಗುತ್ತಾನೆ. ಸಿನಿಮಾ ಬರೀ 76 ನಿಮಿಷ. ಪೋಸ್ಟರ್‌ನ ಮನ್ರೋ ನೋಡಿ ಗ್ಲಾಮರ್ ಸಿನಿಮಾ ಅಂತ ಬಿಟ್ಟುಬಿಡಬೇಡಿ.