ಒಣಗಿದ ತಾಮ್ರದ ಪೇಸ್ಟ್: ಸೀಮೆಎಣ್ಣೆಯೋ, 68 ನಂಬರ್ ಎಣ್ಣೆಯೋ?

ಬೋಲ್ಟ್ ಕಚ್ಚದಿರಲೆಂದು ಹಚ್ಚುವ ಆಂಟಿ-ಸೀಜ್ ಪೇಸ್ಟು, ಅದರ ಡಬ್ಬಿಯ ಮುಚ್ಚಳವೇ ಕಚ್ಚಿಕೊಂಡಿತ್ತು! ಹಳೇ ಸ್ಟಾಕ್ ಎಂದು ಅರ್ಧ ಬೆಲೆಗೆ ಸಿಕ್ಕಿದ್ದು. ಪೈಪ್ ರೆಂಚ್ ಹಾಕಿ ತೆಗೆದರೆ ಎಣ್ಣೆಯನ್ನೆಲ್ಲ ರಟ್ಟಿನ ಪೆಟ್ಟಿಗೆ ಕುಡಿದಿದೆ. ಒಳಗೆ ಉಳಿದದ್ದು ತಾಮ್ರ, ಗ್ರಾಫೈಟ್ ಸೇರಿದ ಗಟ್ಟಿ ಗಡ್ಡೆ. ಎಸೆಯಲು ಮನಸ್ಸು ಬರಲಿಲ್ಲ. ಶೆಡ್ಡಿನಲ್ಲಿದ್ದ ಎಣ್ಣೆಗಳನ್ನೆಲ್ಲ ಸ್ವಲ್ಪ ಸ್ವಲ್ಪ ಬೆರೆಸಿ ನೋಡಿದೆ. ಗೆದ್ದದ್ದು 68 ನಂಬರಿನ (ಎಣ್ಣೆ ಎಷ್ಟು ಮಂದ ಎಂದು ಹೇಳುವ ನಂಬರು) ಹೈಡ್ರಾಲಿಕ್ ಎಣ್ಣೆ, ಅದರಲ್ಲಿ ಅನುಮಾನವೇ ಇಲ್ಲ.

ಸೀಮೆಎಣ್ಣೆ ನೋಡಲು ಚೆಂದ. ಹಾಕಿದ ಕೂಡಲೇ ಗಡ್ಡೆ ಬೆಣ್ಣೆಯಾಗುತ್ತದೆ. ಆದರೆ ಅದು ಆರಿಹೋಗುವ ವಸ್ತು. ಸೈಲೆನ್ಸರ್ ಸ್ಟಡ್‌ಗೆ (ತಲೆಯಿಲ್ಲದ ಬೋಲ್ಟ್) ಹಚ್ಚಿದರೆ ಬಿಸಿಗೆ ಹಾರಿ, ಥ್ರೆಡ್ಡಿನಲ್ಲಿ ಒಣಪುಡಿ ಮಾತ್ರ ಉಳಿಯುತ್ತದೆ. ಡಬ್ಬಿಯಲ್ಲೂ ತಾಮ್ರ ಮತ್ತೆ ತಳ ಸೇರುತ್ತದೆ. ಥಿನ್ನರ್ ಕಥೆಯೂ ಅದೇ, ವಾಸನೆ ಇನ್ನೂ ಜಾಸ್ತಿ.

20ಡಬ್ಲ್ಯು-40 ಎಂಜಿನ್ ಆಯಿಲ್ ತುರ್ತಿಗೆ ನಡೆಯುತ್ತದೆ, ಹೊಸದಾದರೆ ಮಾತ್ರ. ಗಾಡಿಯಿಂದ ಇಳಿಸಿದ ಕಪ್ಪೆಣ್ಣೆ ಬೇಡ, ಅದರಲ್ಲಿ ಮಸಿಯೂ ಇದೆ, ಆಮ್ಲವೂ ಇದೆ. ಎಪಿ-3 ಗ್ರೀಸ್ ಬೆರೆಸುವುದೂ ಬೇಡ. ಅದನ್ನು ಗಟ್ಟಿ ಮಾಡಿರುವುದು ಲಿಥಿಯಂ ಸೋಪು. ಪೇಸ್ಟಿನೊಳಗಿನದು ಬೇರೆ ಜಾತಿಯದಾದರೆ ಎರಡೂ ಸೇರಿ ನೀರಾಗಬಹುದು.

68ರದ್ದು ತಕರಾರು ಒಂದೇ, ಗಂಟು. ಎಣ್ಣೆಯನ್ನು ಒಂದೇ ಸಲ ಸುರಿದರೆ ರಾಗಿಹಿಟ್ಟಿಗೆ ತಣ್ಣೀರು ಹಾಕಿದ ಹಾಗೆ ಮೇಲೆಲ್ಲ ತೇವ, ಒಳಗೆ ಹಿಟ್ಟು. ಸ್ಕ್ರೂಡ್ರೈವರ್‌ನಿಂದ ಎಷ್ಟು ತಿರುವಿದರೂ ಗಂಟುಗಳು ಡಬ್ಬಿಯ ಸುತ್ತ ಓಡಾಡುತ್ತವೆಯೇ ಹೊರತು ಒಡೆಯುವುದಿಲ್ಲ. ಹೋಗಲಿ ಅಂತ ಹಾಗೇ ಹಚ್ಚಿದರೆ ಎಂ8 (8 ಮಿ.ಮೀ.) ಬೋಲ್ಟಿನ ಥ್ರೆಡ್ಡಿಗೆ ಗಂಟು ಸಿಕ್ಕಿಕೊಳ್ಳುತ್ತದೆ. ಸ್ಪ್ಯಾನರ್ ಬಿಗಿಯಾಗುತ್ತದೆ, ಆದರೆ ವಾಷರ್ ಇನ್ನೂ ಅಲ್ಲಾಡುತ್ತಿರುತ್ತದೆ. ಕೆಲಸದ ಮಧ್ಯೆ ಇದಕ್ಕಿಂತ ತಲೆಕೆಡಿಸುವುದು ಇನ್ನೊಂದಿಲ್ಲ.

ದಾರಿ ಇದೆ, ತಾಳ್ಮೆ ಬೇಕು. ಮುಚ್ಚಳ ತೆಗೆದ ಡಬ್ಬಿಯನ್ನು ಬಿಸಿನೀರಿನ ಪಾತ್ರೆಯಲ್ಲಿ ಇಡಿ, ನೀರು ಒಳಗೆ ಹೋಗಬಾರದು. ಒಲೆಯ ಮೇಲಂತೂ ಬೇಡವೇ ಬೇಡ. ಬಿಸಿಗೆ ಸಡಿಲಾದ ಗಡ್ಡೆಯನ್ನು ಚೂರು ಚೂರಾಗಿ ಗಾಜಿನ ತುಂಡಿನ ಮೇಲೆ ಹಾಕಿ, ಹನಿ ಹನಿ ಎಣ್ಣೆ ಬಿಡುತ್ತ ಪುಟ್ಟಿ ಬ್ಲೇಡಿನಿಂದ ಒತ್ತಿ ಅರೆಯಿರಿ. ಬ್ಲೇಡ್ ಎತ್ತಿದಾಗ ಪೇಸ್ಟು ಜಾರದೆ ಅಂಟಿಕೊಂಡರೆ ಎಣ್ಣೆ ಸಾಕು. ನನ್ನ ಡಬ್ಬಿಯ ಮೇಲೆ ಮಿನರಲ್ ಆಯಿಲ್ ಎಂದು ಬರೆದಿತ್ತು, ಅದಕ್ಕೇ 68 ಹೊಂದಿತು. ಸಿಂಥೆಟಿಕ್ ಎಂದಿದ್ದರೆ ಈ ಸಾಹಸಕ್ಕೆ ಕೈ ಹಾಕುತ್ತಿರಲಿಲ್ಲ.

ನಲ್ಲಿಯವರು ಪೈಪಿನ ಥ್ರೆಡ್ಡಿಗೆ ಹಚ್ಚುವ ಬಿಳಿ ಪೇಸ್ಟು, ಸಫೇದಾಕ್ಕೆ ಇದ್ಯಾವುದೂ ನಡೆಯದು. ಅದರಲ್ಲಿ ಅಗಸೆಎಣ್ಣೆ ಇದ್ದರೆ ಅದು ಗಾಳಿ ತಾಗಿ ಗಟ್ಟಿಯಾಗುವುದು, ಆರಿ ಒಣಗುವುದಲ್ಲ. ಕೆನೆಗಟ್ಟಿದ್ದು ಮತ್ತೆ ಕರಗದು. ಕೆನೆ ತೆಗೆದೆಸೆದು ಕೆಳಗಿನ ಮೆತ್ತನೆಯದನ್ನು ಬಳಸಿ. ತೀರಾ ಹಳೇ ಡಬ್ಬಿಯಾದರೆ ಸೀಸ ಇರಬಹುದು, ಬರಿಗೈಲಿ ಮುಟ್ಟಬೇಡಿ.

ನನ್ನ ಕೆಲಸವೆಂದರೆ ಪಂಪ್‌ಸೆಟ್ ಫ್ಲ್ಯಾಂಜು, ಸೈಲೆನ್ಸರ್ ಸ್ಟಡ್ಡು, ವೈಸಿನ ಸ್ಕ್ರೂ. ಇಷ್ಟಕ್ಕೆ ಅರೆದ ಪೇಸ್ಟು ಧಾರಾಳ. ಟಾರ್ಕ್ ರೆಂಚ್ ಹಿಡಿದು ತಿರುವಿನ ಬಲ (ಟಾರ್ಕ್) ಅಳೆದು ಬಿಗಿಯುವ ಸಿಲಿಂಡರ್ ಹೆಡ್ಡಿಗೆ ಇದನ್ನು ಹಚ್ಚುವುದಿಲ್ಲ. ಜಾರುವಿಕೆ ಹೆಚ್ಚಾದರೆ ಅದೇ ಟಾರ್ಕಿಗೆ ಬೋಲ್ಟ್ ಹೆಚ್ಚು ಎಳೆದುಕೊಳ್ಳುತ್ತದೆ. ಆಕ್ಸಿಜನ್ ಸಿಲಿಂಡರಿನ ಥ್ರೆಡ್ಡಿಗಂತೂ ಎಣ್ಣೆ, ಗ್ರೀಸ್ ಯಾವುದೂ ತಾಗಬಾರದು, ಬೆಂಕಿ ಹೊತ್ತಿಕೊಳ್ಳಬಹುದು.

ಮುಂದಿನ ಸಲ ದೊಡ್ಡ ಡಬ್ಬಿ ತರುವುದಿಲ್ಲ. ಚಿಕ್ಕ ಟ್ಯೂಬು ಗ್ರಾಂ ಲೆಕ್ಕದಲ್ಲಿ ದುಬಾರಿಯೇ, ಆದರೆ ಗಾಜಿನ ಮೇಲೆ ಅರೆಯುತ್ತ ಕೂರುವ ಮಧ್ಯಾಹ್ನಕ್ಕೂ ಬೆಲೆಯಿದೆಯಲ್ಲ.