ವಾಟ್ಸಾಪ್, ವೆಬ್‌ಸೈಟ್, ಆ್ಯಪ್: ಬೆಲ್ಲದ ಅಂಗಡಿಗೆ ಯಾವುದು?

ಮಂಡ್ಯದ ಬೆಲ್ಲದಂಗಡಿ, ಗಿರಾಕಿಗಳೆಲ್ಲ ಮೊಬೈಲಿನಲ್ಲಿ, ಯಾವುದಕ್ಕೆ ದುಡ್ಡು ಹಾಕಲಿ ಎಂದು ಕೇಳಿದ್ದೀರಿ. 2016ರಲ್ಲಿ ಜಿಯೋ ಬಂದು ಡೇಟಾ ಅಗ್ಗವಾದ ಮೇಲೆ ಸಣ್ಣ ಅಂಗಡಿಗೂ ಈ ತಲೆನೋವು ತಪ್ಪಿದ್ದಲ್ಲ.

ಖರ್ಚು ನೋಡಿದರೆ ವಾಟ್ಸಾಪ್ ಬಿಸಿನೆಸ್, ಅಂದರೆ ಅಂಗಡಿಯವರಿಗೆಂದೇ ಇರುವ ವಾಟ್ಸಾಪ್, ಪುಕ್ಕಟೆ. ಅಚ್ಚು, ಉಂಡೆ, ಪುಡಿ ಬೆಲ್ಲದ ಫೋಟೊ, ಬೆಲೆ ಕ್ಯಾಟಲಾಗ್‌ಗೆ ಹಾಕಿ ಇವತ್ತೇ ಶುರು ಮಾಡಬಹುದು. ವೆಬ್‌ಸೈಟಿಗೆ ಡೊಮೈನ್ (ಅದರ ವಿಳಾಸ), ಹೋಸ್ಟಿಂಗ್ (ಅದನ್ನಿಡುವ ಜಾಗ) ಬಾಡಿಗೆ ವರ್ಷವರ್ಷವೂ ಕಟ್ಟಬೇಕು. ಆ್ಯಪ್ ಜನರಿಗೆ ಸಿಗುವಂತೆ ಹಾಕಲು ಗೂಗಲ್ ಪ್ಲೇ ಖಾತೆಯ ಶುಲ್ಕ ಒಮ್ಮೆ 25 ಡಾಲರ್, ಆಪಲ್‌ನದು ವರ್ಷಕ್ಕೆ 99. ಮಾಡಿಸುವ, ಆಗಾಗ ಸರಿಪಡಿಸುವ ಖರ್ಚು ಬೇರೆ, ದೊಡ್ಡದು ಅದೇ.

ಹಾಗಂತ ಅಗ್ಗಕ್ಕೆ ಮರುಳಾಗಬೇಡಿ. ವಾಟ್ಸಾಪ್ ಬ್ರಾಡ್‌ಕಾಸ್ಟ್ ಪಟ್ಟಿಯಿಂದ ಒಂದೇ ಸಲ ಹಲವರಿಗೆ ಕಳಿಸುವ ಸಂದೇಶ ನಿಮ್ಮ ನಂಬರ್ ಸೇವ್ ಮಾಡಿಕೊಂಡವರಿಗಷ್ಟೇ ಮುಟ್ಟುತ್ತದೆ. ಸಂಕ್ರಾಂತಿ ಹೊತ್ತಿಗೆ ಆರ್ಡರ್ ನುಗ್ಗಿದರೆ ಚಾಟಿನಲ್ಲಿ ಯಾರದು ಹೋಯಿತು, ಯಾರದು ಉಳಿಯಿತು ಎಂದು ಹುಡುಕುತ್ತಾ ಕೂರಬೇಕು. ವಾಟ್ಸಾಪ್‌ನವರು ನಿಮ್ಮ ನಂಬರ್ ಬ್ಲಾಕ್ ಮಾಡಿದರೋ, ವ್ಯಾಪಾರಕ್ಕೇ ಬೀಗ. ವೆಬ್‌ಸೈಟ್ ವಿಳಾಸವಾದರೆ ನಿಮ್ಮ ಹೆಸರಲ್ಲೇ ಇರುತ್ತದೆ, ಗೂಗಲ್‌ನಲ್ಲಿ ಹುಡುಕುವ ಬೆಂಗಳೂರಿನವರಿಗೂ ಸಿಗಬಹುದು. ಫೋಟೊಗಳು ಮಾತ್ರ ಹಗುರವಿರಲಿ, ಸಿಗ್ನಲ್ ಕಡಿಮೆ ಇರುವ ಕಡೆ ಪುಟ ತೆರೆಯದಿದ್ದರೆ ಯಾರೂ ಕಾಯುವುದಿಲ್ಲ.

ಪರಿಚಯದ ಗಿರಾಕಿಗಳೇ ಹೆಚ್ಚಾದರೆ ವಾಟ್ಸಾಪ್ ಸಾಕು. ಹೊರ ಊರಿಗೆ ಪಾರ್ಸೆಲ್ ಕಳಿಸುವ ಇರಾದೆಯಿದ್ದರೆ ವೆಬ್‌ಸೈಟ್ ಮಾಡಿಸಿ, ವಾಟ್ಸಾಪನ್ನೂ ಇಟ್ಟುಕೊಳ್ಳಿ. ಆ್ಯಪ್, ಮೈಸೂರಿನಲ್ಲಿ ದಿನಾ ಮನೆಮನೆಗೆ ಹಾಲು, ತರಕಾರಿ ಕೊಡುವವರಿಗೆ ಒಪ್ಪೀತು. ಹಬ್ಬಕ್ಕೊಮ್ಮೆ ಬೆಲ್ಲ ಕೊಳ್ಳುವವರು ಅದಕ್ಕೆಂದು ಆ್ಯಪ್ ಇಳಿಸಿಕೊಳ್ಳುತ್ತಾರೆಂದು ನನಗಂತೂ ಅನ್ನಿಸುವುದಿಲ್ಲ.