ಪುಣೆಯಲ್ಲಿ ವಯಸ್ಕ ಮಕ್ಕಳ ಅಂಗವಿಕಲ ಸೌಲಭ್ಯ: ಕಾರ್ಡಿಗೆ ಐದಕ್ಕೆ ನಾಲ್ಕು ಅಂಕ, ಪೆನ್ಷನ್‌ಗೆ ಎರಡು

ಪುಣೆ, ಪಿಂಪ್ರಿ-ಚಿಂಚ್‌ವಡದ ಕನ್ನಡದ ಮನೆಗಳಲ್ಲಿ ಹದಿನೆಂಟು ದಾಟಿದ ಮಗನಿಗೋ ಮಗಳಿಗೋ ಅಂಗವಿಕಲ ಸೌಲಭ್ಯ ಮಾಡಿಸಬೇಕು ಅಂದಾಗ ಎಲ್ಲರೂ ಮೊದಲು ಕೇಳುವುದು ‘ತಿಂಗಳಿಗೆ ಎಷ್ಟು ಬರುತ್ತೆ?’ ಎಂದು. ಅಲ್ಲಿಂದ ಶುರು ಮಾಡಿದವರು ಅರ್ಧ ದಾರಿಯಲ್ಲೇ ಸುಸ್ತಾಗುತ್ತಾರೆ. ಈ ವ್ಯವಸ್ಥೆಯಲ್ಲಿ ಗಟ್ಟಿಯಾಗಿರುವುದು ಯುಡಿಐಡಿ ಕಾರ್ಡು (ಕೇಂದ್ರ ಸರ್ಕಾರ ಅಂಗವಿಕಲರಿಗೆ ಕೊಡುವ ಗುರುತಿನ ಚೀಟಿ), ಸೊರಗಿರುವುದು ಪೆನ್ಷನ್.

ಕಾರ್ಡಿನ ಅರ್ಜಿ ಕೇಂದ್ರದ ಸ್ವಾವಲಂಬನ್ ಪೋರ್ಟಲ್‌ನಲ್ಲಿ. ಶುಲ್ಕ ಇಲ್ಲ, ಆಸ್ಪತ್ರೆ ಗೇಟಿನ ಏಜೆಂಟರಿಗೆ ಕೊಡುವ ದುಡ್ಡು ದಂಡ. ಸಹಿ ಮಾಡಲಾಗದವರ ಹೆಬ್ಬೆಟ್ಟಿನ ಗುರುತು ನಡೆಯುತ್ತದೆ. ಚಿಕ್ಕಂದಿನಲ್ಲಿ ಮಾಡಿಸಿದ ಕಾರ್ಡಿನ ಅವಧಿ ಮುಗಿದಿದ್ದರೆ ಹೊಸ ಅರ್ಜಿ ಹಾಕಬೇಡಿ, ನವೀಕರಣದ ಆಯ್ಕೆ ಬೇರೆಯೇ ಇದೆ. ಒಂದೇ ಆಧಾರ್‌ಗೆ ಎರಡು ಅರ್ಜಿ ಬಿದ್ದರೆ ಎರಡೂ ಸಿಕ್ಕಿಹಾಕಿಕೊಳ್ಳುತ್ತವೆ.

ನಮ್ಮವರಿಗೆ ಹೆಚ್ಚು ಕಾಡುವುದು ಹೆಸರು. ಊರಲ್ಲಿ ಮಾಡಿಸಿದ ಆಧಾರ್‌ನಲ್ಲಿ ‘ಮಂಜುನಾಥ ಎಸ್.’, ಇಲ್ಲಿನ ಶಾಲೆಯ ದಾಖಲೆಯಲ್ಲಿ ಮೊದಲು ಅಡ್ಡಹೆಸರು, ಆಮೇಲೆ ಹೆಸರು, ಕೊನೆಗೆ ಅಪ್ಪನ ಹೆಸರು. ಬ್ಯಾಂಕ್ ಪಾಸ್‌ಬುಕ್ಕಿನಲ್ಲಿ ಇನ್ನೊಂದು ತರಹ. ಮೊದಲು ಆಧಾರ್ ಸರಿಪಡಿಸಿ, ಉಳಿದದ್ದೆಲ್ಲ ಅದಕ್ಕೆ ಹೊಂದಿಸಿ. ಹದಿನೈದನೇ ವಯಸ್ಸಿನ ಬಯೋಮೆಟ್ರಿಕ್ ನವೀಕರಣ ಆಗಿದೆಯೇ ಎಂದೂ ನೋಡಿ. ಇಂಥ ಮಕ್ಕಳ ವಿಷಯದಲ್ಲಿ ಅದು ತಪ್ಪಿಹೋಗುವುದೇ ಹೆಚ್ಚು, ಆಮೇಲೆ ಎಲ್ಲಿ ಬೆರಳಿಟ್ಟರೂ ಹೊಂದುವುದಿಲ್ಲ.

ಅರ್ಜಿಯ ರಸೀದಿ ಹಿಡಿದು ಹೋಗಬೇಕಾದದ್ದು ಅರ್ಜಿಯಲ್ಲಿ ಆಯ್ದ ಆಸ್ಪತ್ರೆಗೆ, ಅಂದರೆ ಸಸೂನ್‌ಗೋ ಔಂಧ್ ಜಿಲ್ಲಾ ಆಸ್ಪತ್ರೆಗೋ. ಯಾವ ವಾರ ಯಾವ ವಿಭಾಗ ಎಂದು ಮೊದಲೇ ವಿಚಾರಿಸಿಕೊಳ್ಳಿ; ಮೂಳೆ ವಿಭಾಗದ ದಿನ ಮನೋವೈದ್ಯರು ಕೂತಿರುವುದಿಲ್ಲ. ಸಾಲು, ಗದ್ದಲ, ಕೂರಲು ಜಾಗವಿಲ್ಲದ ವರಾಂಡ: ಆಟಿಸಂ ಇರುವವರಿಗೆ ಇದೇ ದೊಡ್ಡ ಪರೀಕ್ಷೆ. ಮನೆಯಿಂದ ಇಬ್ಬರು ಬಂದರೆ ಒಬ್ಬರು ಸಾಲಿನಲ್ಲಿ ನಿಲ್ಲಬಹುದು.

ಎಲ್ಲವೂ ನಿಂತಿರುವುದು ಒಳಗಿನ ಅರ್ಧ ಗಂಟೆಯ ಮೇಲೆ. ಬೌದ್ಧಿಕ ಅಂಗವೈಕಲ್ಯದ ಪ್ರಮಾಣ ಅಳೆಯಲು ಐಕ್ಯೂ ಪರೀಕ್ಷೆಯ ಜೊತೆ, ದಿನನಿತ್ಯದ ಕೆಲಸ ಎಷ್ಟು ಸ್ವತಃ ಮಾಡಬಲ್ಲರು ಎಂದು ನೋಡುವ ವೈನ್‌ಲ್ಯಾಂಡ್ ಮಾಪನ ಬಳಸುತ್ತಾರೆ. ಇದರ ಪ್ರಶ್ನೆಗಳಿಗೆ ಉತ್ತರಿಸುವವರು ತಂದೆ-ತಾಯಿ. ‘ಸ್ವತಃ ಸ್ನಾನ ಮಾಡ್ತಾನಾ?’ ಅಂದರೆ ನಮ್ಮ ಅಮ್ಮಂದಿರು ‘ಹೂಂ, ಮಾಡ್ತಾನೆ’ ಅಂದುಬಿಡುತ್ತಾರೆ. ನೀರು ಹದ ಮಾಡಿಕೊಟ್ಟು, ಬೆನ್ನುಜ್ಜಿ, ತಲೆಯ ಸೋಪು ಹೋಯಿತೇ ನೋಡಿ, ಟವೆಲ್ ಕೈಗಿಟ್ಟವರು ತಾವೇ ಅನ್ನುವುದು ಬಾಯಿಗೆ ಬರುವುದಿಲ್ಲ. ದಿನವೂ ಮಾಡುವ ಕೆಲಸ ಸಹಾಯ ಅಂತ ಅನ್ನಿಸುವುದೇ ಇಲ್ಲ. ಹೆಚ್ಚು ಹೇಳಬೇಡಿ, ಕಡಿಮೆಯನ್ನೂ ಹೇಳಬೇಡಿ. ಹಿಂದಿನ ದಿನ ಬೆಳಗಿನಿಂದ ರಾತ್ರಿವರೆಗೆ ಎಲ್ಲೆಲ್ಲಿ ಕೈ ಹಿಡಿದಿರಿ, ಎಷ್ಟು ಸಲ ನೆನಪಿಸಿದಿರಿ ಎಂದು ಒಂದು ಹಾಳೆಯಲ್ಲಿ ಬರೆದು ಒಯ್ಯಿರಿ. ಮನೆಯಲ್ಲಿ ಕನ್ನಡ ಬಿಟ್ಟು ಬೇರೇನೂ ಆಡದ ಮಗುವನ್ನು ಮರಾಠಿಯಲ್ಲಿ ಪ್ರಶ್ನಿಸಿದರೆ ಐಕ್ಯೂ ಅಂಕ ನಂಬುವಂತಿರುವುದಿಲ್ಲ. ಅದನ್ನು ಶುರುವಿನಲ್ಲೇ ಹೇಳಿ.

ಅಂಕಕ್ಕೂ ಶೇಕಡಾವಾರಿಗೂ ಲೆಕ್ಕ ನಿಗದಿಯಾಗಿದೆ: ಸೌಮ್ಯಕ್ಕೆ ಶೇಕಡಾ 50, ಮಧ್ಯಮಕ್ಕೆ 75, ತೀವ್ರಕ್ಕೆ 90, ಅತಿ ತೀವ್ರಕ್ಕೆ 100. ಹೆಚ್ಚಿನ ಸೌಲಭ್ಯಗಳಿಗೆ 40 ಸಾಕು. 80ರ ಗೆರೆ ಮುಖ್ಯವಾಗುವುದು ಆದಾಯ ತೆರಿಗೆಯಲ್ಲಿ: ಹಳೆಯ ಪದ್ಧತಿಯಲ್ಲಿ ಪೋಷಕರಿಗೆ ಸಿಗುವ ಕಡಿತ 75,000 ರೂಪಾಯಿಯಿಂದ 1,25,000ಕ್ಕೆ ಏರುತ್ತದೆ. 40ರಿಂದ 80ರೊಳಗೆ ಹಳದಿ ಕಾರ್ಡು, ಮೇಲಕ್ಕೆ ನೀಲಿ. ಬೌದ್ಧಿಕ ಅಂಗವೈಕಲ್ಯಕ್ಕೆ ಹದಿನೆಂಟರಲ್ಲಿ ಕೊಡುವ ಪ್ರಮಾಣಪತ್ರ ಜೀವನಪೂರ್ತಿಗೆ. ‘ತಾತ್ಕಾಲಿಕ’ ಎಂದು ಬರೆದಿದ್ದರೆ ಅಲ್ಲೇ ಕಾರಣ ಕೇಳಿ. ಶೇಕಡಾವಾರು ಒಪ್ಪಿಗೆಯಾಗದಿದ್ದರೆ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 59ನೇ ಸೆಕ್ಷನ್‌ನಡಿ ಮೇಲ್ಮನವಿ ಇದೆ.

ಇನ್ನು ಪೆನ್ಷನ್. ಮಹಾರಾಷ್ಟ್ರದ ಸಂಜಯ್ ಗಾಂಧಿ ನಿರಾಧಾರ ಯೋಜನೆಯಲ್ಲಿ ಅಂಗವಿಕಲರಿಗೆ ತಿಂಗಳಿಗೆ 1,500 ರೂಪಾಯಿ ಇದ್ದದ್ದು 2025ರ ಅಕ್ಟೋಬರ್‌ನಿಂದ 2,500 ಆಗಿದೆ. ಒಳ್ಳೆಯದೇ. ಆದರೆ ಕುಟುಂಬದ ವಾರ್ಷಿಕ ಆದಾಯ 50,000 ಮೀರುವಂತಿಲ್ಲ. ತಿಂಗಳಿಗೆ ನಾಲ್ಕು ಸಾವಿರದ ಚಿಲ್ಲರೆ! ಚಾಕಣದಲ್ಲಿ ಗುತ್ತಿಗೆ ಕೆಲಸ ಮಾಡುವವರ ಮನೆಯೂ ಈ ಗೆರೆಯಾಚೆ. ಮಗ ಇಪ್ಪತ್ತೈದರವನಾದರೂ ನೋಡುವುದು ಅವನ ಖಾಲಿ ಜೇಬನ್ನಲ್ಲ, ಅಪ್ಪನ ಸಂಬಳವನ್ನು. ಎರಡು ಅಂಕ ಕೊಟ್ಟಿರುವುದು ಇದಕ್ಕೇ. ಜೊತೆಗೆ ಮಹಾರಾಷ್ಟ್ರದಲ್ಲಿ 15 ವರ್ಷ ವಾಸದ ಪುರಾವೆ ಬೇಕು. ಮಗುವಿನ ಹೆಸರು ಇನ್ನೂ ವಿಜಯಪುರದ ಕಡೆಯ ರೇಷನ್ ಕಾರ್ಡಿನಲ್ಲಿದ್ದರೆ ಮೊದಲು ಅಲ್ಲಿಂದ ತೆಗೆಸಿ. ತಹಶೀಲ್ದಾರರ ‘ಉತ್ಪನ್ನ ದಾಖಲಾ’ (ಆದಾಯ ಪ್ರಮಾಣಪತ್ರ) ಕೈಗೆ ಬಾರದೆ ಉಳಿದ ಕಾಗದ ಜೋಡಿಸುವುದು ವ್ಯರ್ಥ. ಆದಾಯ ಮೀರಿದವರು ಇಲ್ಲಿ ಕಾಲ ಕಳೆಯದೆ ತಮ್ಮ ಮಹಾನಗರಪಾಲಿಕೆಯ ದಿವ್ಯಾಂಗ ಯೋಜನೆಗಳನ್ನು ವಿಚಾರಿಸುವುದು ಮೇಲು.

ಹೆಚ್ಚಿನವರು ಬಿಟ್ಟುಬಿಡುವುದು ಮಗುವಿನ ಪರವಾಗಿ ಸಹಿ ಮಾಡುವ ಕಾನೂನಿನ ಅಧಿಕಾರ, ಅಂದರೆ ಗಾರ್ಡಿಯನ್‌ಶಿಪ್. ಹದಿನೆಂಟು ತುಂಬಿದ ದಿನವೇ ತಂದೆ-ತಾಯಿಯ ಸಹಿಯ ಅಧಿಕಾರ ಮುಗಿಯುತ್ತದೆ. ಬ್ಯಾಂಕ್ ಖಾತೆಯ ಹತ್ತಿರ ಹೋದಾಗಲೇ ಇದು ಗೊತ್ತಾಗುವುದು. ಆಟಿಸಂ, ಸೆರೆಬ್ರಲ್ ಪಾಲ್ಸಿ, ಬೌದ್ಧಿಕ ಅಥವಾ ಬಹುವಿಧ ಅಂಗವೈಕಲ್ಯವಿದ್ದರೆ 1999ರ ನ್ಯಾಷನಲ್ ಟ್ರಸ್ಟ್ ಕಾಯ್ದೆಯಡಿ ಜಿಲ್ಲಾಧಿಕಾರಿಯ ಸ್ಥಳೀಯ ಸಮಿತಿಯೇ ನೇಮಕಾತಿ ಮಾಡುತ್ತದೆ, ಕೋರ್ಟು ಬೇಡ. ಸ್ಕಿಜೋಫ್ರೇನಿಯಾದಂಥ ಮಾನಸಿಕ ಕಾಯಿಲೆಗಳು ಈ ಪಟ್ಟಿಯಲ್ಲಿ ಇಲ್ಲ. ಇದೇ ಟ್ರಸ್ಟಿನ ನಿರಾಮಯ ವಿಮೆ ವರ್ಷಕ್ಕೆ ಒಂದು ಲಕ್ಷದವರೆಗೆ, ಮುಂಗಡ ವೈದ್ಯಕೀಯ ತಪಾಸಣೆ ಇಲ್ಲದೆ. ಬಿಲ್ ಕಟ್ಟಿ ಆಮೇಲೆ ವಾಪಸು ಪಡೆಯಬೇಕು. ಯಾವಾಗ ಸೇರಿದರೂ ಅವಧಿ ಮಾರ್ಚ್ 31ಕ್ಕೆ ಮುಗಿಯುತ್ತದೆ, ಹಾಗಾಗಿ ಫೆಬ್ರವರಿಯಲ್ಲಿ ಸೇರುವುದು ನಷ್ಟ.

ಪೆನ್ಷನ್ ಮಂಜೂರಾದವರು ಮಗುವಿನ ಹೆಸರಲ್ಲಿ ಇನ್ನೊಂದು ಖಾತೆ ತೆರೆಯುವಾಗ ಹುಷಾರು. ನೇರ ವರ್ಗಾವಣೆಯ ಹಣ ಹೋಗುವುದು ಸೌಲಭ್ಯದ ಹಣಕ್ಕಾಗಿ ಕೊನೆಯದಾಗಿ ಆಧಾರ್ ಜೋಡಿಸಿದ ಖಾತೆಗೆ. ಹಳೆಯ ಪಾಸ್‌ಬುಕ್ಕಿನಲ್ಲಿ ಜಮೆ ಕಾಣದಿದ್ದರೆ ತಹಶೀಲ್ ಕಚೇರಿಗೆ ಓಡುವ ಮೊದಲು ಹೊಸ ಖಾತೆಯನ್ನು ನೋಡಿ.